ಕಪ್ತಾನ್ ಬಿಜಲಿಯ ಐದು ಡಬ್ಬಿಗಳು

ನಾಗಪುರದ ನಮ್ಮ ಕಾಲೋನಿಯ ನಾಲ್ಕು ನೂರು ಮನೆಗಳಲ್ಲಿ ಅತಿ ಹೆಚ್ಚು ಹಲ್ಲುಪುಡಿ ಇದ್ದದ್ದು ವಾಮನನ ಮನೆಯಲ್ಲಿ. ಬೇವಿನಕಡ್ಡಿಯಿಂದ ಹಲ್ಲುಜ್ಜುತ್ತಿದ್ದ ಏಕೈಕ ಮನೆಯೂ ಅದೇ.

ಎರಡಕ್ಕೂ ಕಾರಣ ಒಂದೇ: ಕಪ್ತಾನ್ ಬಿಜಲಿ.

ಆ ವರ್ಷ, ಅಂದರೆ ಎಂಬತ್ತಾರರ ಮಳೆಗಾಲ ಮುಗಿದಂದಿನಿಂದ, ಗುರುವಾರ ಸಂಜೆಯಾದರೆ ಟೀವಿಯಲ್ಲಿ ಕಪ್ತಾನ್ ಬಿಜಲಿ ಬರುತ್ತಿದ್ದ. ಅವನು ಗೂಢಚಾರ. ವಾರಕ್ಕೊಂದು ವೇಷ ಹಾಕುತ್ತಿದ್ದ. ಆ ವೇಷದಲ್ಲಿ ಅವನನ್ನು ಕಳ್ಳರು ಗುರುತಿಸುತ್ತಿರಲಿಲ್ಲ, ಪೊಲೀಸರು ಗುರುತಿಸುತ್ತಿರಲಿಲ್ಲ, ಹೆತ್ತ ತಾಯಿಯೂ ಗುರುತಿಸುತ್ತಿರಲಿಲ್ಲ. ದೇಶದ ಮಿಕ್ಕ ಜನರೆಲ್ಲ ಮೊದಲ ನೋಟಕ್ಕೇ ಗುರುತಿಸುತ್ತಿದ್ದರು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ನಮ್ಮ ವಾಮನನೂ ತಟ್ಟುತ್ತಿದ್ದ. ಅವನಿಗೆ ಆಗ ನಲವತ್ತೊಂದು ವರ್ಷ. ಧಾರವಾಡದ ಕಡೆಯವನು, ಮದ್ದುಗುಂಡಿನ ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತ, ಪೂರ್ತಿ ಬೋಳು ತಲೆ. ಆ ತಲೆಯ ಮೇಲೆ ಕಪ್ತಾನ್ ಬಿಜಲಿಯ ಟೋಪಿ ಇಟ್ಟುಕೊಂಡು, ಕಿಸೆಯಲ್ಲಿ ಕಪ್ತಾನ್ ಬಿಜಲಿಯ ಬಾಚಣಿಗೆ ಇಟ್ಟುಕೊಂಡು ಅವನು ಡ್ಯೂಟಿಗೆ ಹೋಗುತ್ತಿದ್ದ. ಬಾಚಣಿಗೆ ಯಾಕಪ್ಪಾ ಎಂದು ಯಾರಾದರೂ ಕೇಳಿದರೆ, "ಬಾಚಿಕೊಳ್ಳಾಕಲ್ರೀ, ಇಟ್ಟುಕೊಳ್ಳಾಕ" ಎನ್ನುತ್ತಿದ್ದ. ಆ ಒಂದು ಮಾತಿನಲ್ಲಿ ಅವನ ಧರ್ಮಶಾಸ್ತ್ರವೆಲ್ಲ ಅಡಗಿತ್ತು.

ಹೀಗಿರುವಾಗ ಹಿಂಗಣಾದಲ್ಲಿ ಹೊಸದಾಗಿ ಶುರುವಾದ ಶುಭ್ರಕಾಂತಿ ದಂತಮಂಜನದ ಕಂಪನಿಯವರು ತಮ್ಮ ತಗಡಿನ ಡಬ್ಬಿಗಳ ಮೇಲೆ ಕಪ್ತಾನನ ಐದು ವೇಷಗಳನ್ನು ಅಚ್ಚು ಹಾಕಿಸಿದರು. ಫಕೀರ, ಬಳೆಗಾರ, ಪೋಸ್ಟ್‌ಮನ್, ಹಾವಾಡಿಗ, ಮದುಮಗಳು. ಮುಚ್ಚಳದ ಸುತ್ತ ಕೆಂಪು ಕಾಗದದ ಸೀಲು. ಸೀಲು ಒಡೆಯದ ಐದೂ ಡಬ್ಬಿಗಳನ್ನು ಯಾರು ಜೋಡಿಸುತ್ತಾರೋ ಅವರು ಫೆಬ್ರವರಿ ಒಂದನೆಯ ತಾರೀಖು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸೀತಾಬರ್ಡಿ ಪೇಟೆಯ ತಮ್ಮ ಅಂಗಡಿಗೆ ಬಂದರೆ, ಮಹಡಿಯ ಮೇಲೆ ಸಾಕ್ಷಾತ್ ಕಪ್ತಾನ್ ಬಿಜಲಿಯ ಭೇಟಿ. ಹಲ್ಲುಜ್ಜುವುದಕ್ಕೆಂದು ಹಲ್ಲುಪುಡಿ ಕೊಳ್ಳುವವರಿಂದ ಕಂಪನಿ ಉದ್ಧಾರವಾಗುವುದಿಲ್ಲವೆಂಬುದನ್ನು ಆ ಮಾಲೀಕರು ಹೇಗೋ ಕಂಡುಕೊಂಡಿದ್ದರು.

ಮೂರು ತಿಂಗಳು ವಾಮನ ಊರೂರು ತಿರುಗಿದ. ಪೋಸ್ಟ್‌ಮನ್ನನು ಎಲ್ಲ ಅಂಗಡಿಯಲ್ಲೂ ಸಿಗುತ್ತಿದ್ದ. ಮದುಮಗಳು ಎಲ್ಲಿಯೂ ಇರಲಿಲ್ಲ. ಕೊನೆಗೆ ಮೌದಾದ ಸಂತೆಯಲ್ಲಿ, ಒಂದು ಬೆಲ್ಲದಂಗಡಿಯ ಹಿಂದಿನ ಹಲಗೆಯ ಮೇಲೆ, ಅವಳು ಧೂಳು ಹೊದ್ದು ಕೂತಿದ್ದಳು. ಬಸ್ಸಿನಲ್ಲಿ ಅವಳಿಗೊಂದು ಸೀಟು ಬಿಟ್ಟು ತಾನು ನಿಂತುಕೊಂಡು ಬಂದೆನೆಂದು ವಾಮನನೇ ನನಗೆ ಹೇಳಿದ. ನಾನು ಎದುರು ಮನೆಯವನು, ಹೆಚ್ಚು ಮಾತಾಡುವವನಲ್ಲ. ಅದಕ್ಕೇ ಇಂಥ ಮಾತೆಲ್ಲ ನನ್ನ ಪಾಲಿಗೆ ಬರುತ್ತವೆ.

ಐವರನ್ನೂ ಅವನು ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದ. ಉಳಿದ ಮೂವತ್ತೆಂಟು ಪೋಸ್ಟ್‌ಮನ್ನರು ಟ್ರಂಕಿನೊಳಗೆ ಬೀಗಮುದ್ರೆಯಲ್ಲಿದ್ದರು. ಹೆಂಡತಿ ವಿಮಲಾ ಬೇವಿನಕಡ್ಡಿ ಕಚ್ಚಿಕೊಂಡು ಆ ಕಪಾಟನ್ನು ದಿನಾ ನೋಡುತ್ತಿದ್ದಳು.

ಇನ್ನು ವಿಮಲೆಯ ಕಡೆಗೆ ಬರೋಣ. ಈ ಸೀಮೆಯಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಹೆಂಗಸರು ಒಬ್ಬರ ಮನೆಗೊಬ್ಬರು ಅರಿಶಿನ-ಕುಂಕುಮಕ್ಕೆ ಹೋಗುತ್ತಾರೆ. ಬಂದವರಿಗೆ ಎಳ್ಳುಂಡೆಯ ಜೊತೆ ಏನಾದರೊಂದು ಸಣ್ಣ ಸಾಮಾನು ಕೊಡಬೇಕು. ಅದಕ್ಕೆ ವಾಣ ಎನ್ನುತ್ತಾರೆ. ಮೂರು ವರ್ಷ ಎಲ್ಲರ ಮನೆಯ ವಾಣ ತೆಗೆದುಕೊಂಡು ಬಂದ ವಿಮಲಾ ಈ ವರ್ಷ ಮೊದಲ ಸಲ ತನ್ನ ಮನೆಗೆ ಕರೆದಿದ್ದಳು. ವಾಣಕ್ಕೆಂದು ಇಪ್ಪತ್ತು ಚಹಾ ಸೋಸುವ ಜರಡಿ ತಂದಿದ್ದಳು. ಕಪ್ತಾನನ ಭೇಟಿಗೆ ಎರಡೇ ದಿನ ಇರುವಾಗ, ಶುಕ್ರವಾರ ಸಂಜೆ, ಬಂದವರು ಇಪ್ಪತ್ತೈದು ಜನ.

ಅದೇ ಹೊತ್ತಿಗೆ ವಾಮನ ಭೇಟಿಯ ಸಮಯ ಖಾತ್ರಿ ಮಾಡಿಕೊಳ್ಳಲು ಸೀತಾಬರ್ಡಿಗೆ ಹೋಗಿದ್ದ. ಏಳು ಗಂಟೆಗೆ ಬಂದು ನೋಡಿದರೆ ಗಾಜಿನ ಕಪಾಟಿನಲ್ಲಿ ಧೂಳಿನ ನಡುವೆ ಐದು ದುಂಡನೆಯ ಗುರುತುಗಳು ಮಾತ್ರ.

"ವಿಮಲಾ! ಇಲ್ಲಿದ್ದ ಐದು ಮಂದಿ ಎಲ್ಲಿ?"

"ಯಾವ ಐದು ಮಂದಿರೀ?"

"ಫಕೀರ, ಬಳೆಗಾರ, ಪೋಸ್ಟ್‌ಮನ್, ಹಾವಾಡಿಗ, ಮದುಮಗಳು!"

"ಓ, ಹಲ್ಲುಪುಡೀನೋ? ಜರಡಿ ಕಡಿಮಿ ಬಿದ್ವು. ವಾಣಕ್ಕ ಕೊಟ್ಟೆ."

ಇದಾದ ಮೇಲಿನ ಮಾತೆಲ್ಲ ಎದುರು ಮನೆಯ ನನಗೂ ಸ್ಪಷ್ಟವಾಗಿ ಕೇಳಿಸಿತು.

"ಟ್ರಂಕಿನ್ಯಾಗ ಮೂವತ್ತೆಂಟು ಪೋಸ್ಟ್‌ಮನ್ ಇದ್ರಲ್ಲ, ಅವರನ್ನ ಕೊಡಬಾರದಿತ್ತೇನು?"

"ಟ್ರಂಕಿನ ಕೀಲಿ ನಿಮ್ಮ ಜನಿವಾರದಾಗ ಐತಿ. ಜನಿವಾರ ನಿಮ್ಮ ಮೈಮ್ಯಾಲೆ ಐತಿ. ನಿಮ್ಮ ಮೈ ಸೀತಾಬರ್ಡಿಗೆ ಹೋಗಿತ್ತು. ಮುತ್ತೈದೇರು ಬಾಗಲದಾಗ ನಿಂತಾಗ ನಾ ಏನ್ ಮಾಡ್ಲಿ?"

"ಹೋಗಿ ಇಸಗೊಂಡು ಬಾ."

"ನಾನಾ? ಕುಂಕುಮ ಹಚ್ಚಿ, ಉಡಿಯಾಗ ಹಾಕಿ ಕೊಟ್ಟದ್ದನ್ನ? ಜೀವ ಹೋದ್ರೂ ಕೇಳಂಗಿಲ್ಲ."

"ಹಂಗಾದ್ರ ನಾ ಕೇಳ್ತೀನಿ."

"ಕೇಳ್ರಿ. ಆದ್ರ ನನ್ನ ಹೆಸರು ಹೇಳಬ್ಯಾಡ್ರಿ."

ಪುರಾಣ ಓದುವವರು ಯುದ್ಧದ ಭಾಗ ಬರುವ ಮುಂಚೆ ಒಂದು ದೀರ್ಘವಾದ ಉಸಿರೆಳೆದುಕೊಳ್ಳುತ್ತಾರಲ್ಲ, ಶನಿವಾರ ಬೆಳಿಗ್ಗೆ ವಾಮನ ನಮ್ಮ ಮನೆಯ ಮೆಟ್ಟಿಲ ಬಳಿ ನಿಂತು ಹಾಗೆ ಉಸಿರೆಳೆದುಕೊಂಡ. ರಜೆ ಹಾಕಿದ್ದ. ಕೈಯಲ್ಲಿ ಒಂದು ಖಾಲಿ ಸಂತ್ರಿ ಪೆಟ್ಟಿಗೆ; ಅದರ ತುಂಬ ಒಣಹುಲ್ಲು. ಸಂತ್ರಿ ಎಂದರೆ ಕಿತ್ತಳೆ, ನಾಗಪುರದಲ್ಲಿ ಆ ಹಣ್ಣನ್ನು ಹಾಗೆಯೇ ಹುಲ್ಲಿನಲ್ಲಿ ಮಲಗಿಸಿ ಊರಿಂದೂರಿಗೆ ಕಳಿಸುತ್ತಾರೆ.

"ರಾಮಣ್ಣಾರ, ನೀವು ಜೋಡಿ ಬರ್ರಿ. ನಿಮ್ಮ ಹಣಿಮ್ಯಾಲಿನ ಗಂಧ ನೋಡಿದ್ರ ಮಂದಿ ನಂಬ್ತಾರ."

"ಏನಂತ ಕೇಳುತ್ತೀಯಪ್ಪ?"

"ಖರೇ ಕಾರಣ ಹೇಳಂಗಿಲ್ಲ. ಹೇಳಿದ್ರ ಮುಗೀತು. ಕಪ್ತಾನ್ ಬಿಜಲಿ ಭೇಟಿ ಅಂತ ಗೊತ್ತಾದ್ರ ಒಬ್ಬರಾದ್ರೂ ಡಬ್ಬಿ ಕೊಟ್ಟಾರೇನು? ನಾಳೆ ಹನ್ನೊಂದಕ್ಕ ಐದೂ ನನ್ನ ಕೈಯಾಗ ಇರಬೇಕು, ಸೀಲ್ ಸಮೇತ. ಅಷ್ಟ. ಬಾಕಿ ಎಲ್ಲಾ ದೇವರಿಗೆ ಬಿಟ್ಟದ್ದು."

ದೇವರಿಗೆ ಬಿಟ್ಟದ್ದನ್ನು ದೇವರು ಹೇಗೆ ನಡೆಸಿದನೆಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಮೊದಲ ಮನೆ ಚಂದ್ರಮ್ಮನವರದು. ಅವರ ಗಂಡ ಗೋವಿಂದ ಕಾರ್ಖಾನೆಯಲ್ಲಿ ಮದ್ದು ತುಂಬುವ ವಿಭಾಗದವನು. ರಾತ್ರಿ ಪಾಳಿ ಮುಗಿಸಿ ಬಂದು ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ. ವಾಮನ ಬೂಟು ಬಾಗಿಲಲ್ಲೇ ಬಿಟ್ಟು ಒಳಗೆ ಹೋದ.

"ಅಕ್ಕಾರ, ನಿನ್ನೆ ನಮ್ಮ ಮನ್ಯಾಗ ಒಂದು ಡಬ್ಬಿ ಕೊಟ್ಟಿದ್ರಲ್ಲ, ಅದನ್ನ ತೆರದೀರೇನು?"

"ಇಲ್ಲಲ್ರೀ. ಯಾಕ?"

"ಸದ್ಯ, ದೇವರು ದೊಡ್ಡಾವ!" ವಾಮನನ ಕಣ್ಣಲ್ಲಿ ನೀರೇ ಬಂತು. "ಎಲ್ಲೈತಿ? ನೀವು ಮುಟ್ಟಬ್ಯಾಡ್ರಿ. ಅಲುಗಾಡಿಸಬ್ಯಾಡ್ರಿ. ನಾನ ತಗೋತೀನಿ."

ಗೂಡಿನಲ್ಲಿದ್ದ ಫಕೀರನನ್ನು ಅವನು ಎರಡೂ ಕೈಯಲ್ಲಿ ಎತ್ತಿದ. ಉಸಿರು ಬಿಗಿಹಿಡಿದು, ಬರಿಗಾಲಲ್ಲಿ, ಒಂದೊಂದೇ ಹೆಜ್ಜೆ ಇಡುತ್ತ ಬಂದು ಹುಲ್ಲಿನಲ್ಲಿ ಮಲಗಿಸಿದ. ಮೇಲೆ ಇನ್ನಷ್ಟು ಹುಲ್ಲು ಹೊದಿಸಿದ.

"ಏನಾಗೈತ್ರೀ ಅದಕ್ಕ?" ಚಂದ್ರಮ್ಮನವರು ಕೇಳಿದರು.

"ಏನೂ ಇಲ್ರೀ. ತಪ್ಪಿ ನಿಮ್ಮ ಮನಿಗೆ ಬಂದೈತಿ. ಯಾರಿಗೂ ಹೇಳಬ್ಯಾಡ್ರಿ."

ಗೋವಿಂದ ಚಹಾ ಕೆಳಗಿಟ್ಟ. ಹದಿನಾರು ವರ್ಷ ಅವನು ಮಾಡಿದ್ದು ಅದೇ ಕೆಲಸ. ಬೂಟು ಹೊರಗೆ ಬಿಡುವುದು, ಯಾಕೆಂದರೆ ಬೂಟಿನ ಮೊಳೆಯಿಂದ ಕಿಡಿ ಹಾರಬಹುದು, ಎರಡು ಕೈಯಲ್ಲಿ ಹಿಡಿಯುವುದು, ಉಸಿರು ಬಿಗಿಹಿಡಿದು ನಡೆಯುವುದು, ಹುಲ್ಲಿನಲ್ಲಿ ಮಲಗಿಸುವುದು, ಯಾರಿಗೂ ಹೇಳದಿರುವುದು. ಆ ಡಬ್ಬಿಯಲ್ಲಿ ಏನಿದೆಯೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾವು ಮೆಟ್ಟಿಲಿಳಿಯುವಷ್ಟರಲ್ಲಿ ಅವನು ಹಿತ್ತಲ ಬಾಗಿಲಿನಿಂದ ಸೈಕಲ್ ಹತ್ತಿದ್ದ.

ಎರಡನೆಯ ಮನೆ ಬೋಕರೆ ಕಾಕುವಿನದು. ಕಾಕುವಿನ ತವರು ಸೋಲಾಪುರ, ಹಾಗಾಗಿ ಅರ್ಧ ಕನ್ನಡ, ಅರ್ಧ ಮರಾಠಿ, ಎರಡರಲ್ಲೂ ಪೂರ್ತಿ ಗಂಟಲು. ಬಳೆಗಾರನನ್ನು ಆಕೆ ಅಡುಗೆಮನೆಯಲ್ಲಿ, ಹೊತ್ತಿಕೊಂಡಿದ್ದ ಸ್ಟೋವಿನ ಪಕ್ಕ, ಉಪ್ಪಿನ ಬರಣಿಗೆ ಆನಿಸಿ ಇಟ್ಟಿದ್ದರು. ವಾಮನ "ಅಯ್ಯೋ, ಒಲಿ! ಒಲಿ!" ಎಂದು ಕೂಗುತ್ತ ಹಾರಿ, ಡಬ್ಬಿಯನ್ನು ಎದೆಗವಚಿಕೊಂಡು ಅಂಗಳಕ್ಕೆ ಓಡಿದ.

"ಅಗ ಬಾಯಿ! ಕಾಯ್ ಝಾಲಂ ರೇ, ಏನಾತು ಇದಕ್ಕ?"

"ಬಿಸಿ ತಾಗಿದ್ರ ಎಲ್ಲಾ ಹೋಗ್ತೈತಿ ಕಾಕು! ಎಲ್ಲಾ ಹೋಗ್ತೈತಿ!"

ಅವನು ಹೇಳಿದ್ದು ಡಬ್ಬಿಯ ಬಣ್ಣದ ಮಾತು. ಕಾಕು ತಮ್ಮ ಮನೆಯನ್ನು, ಗೋಡೆಗಳನ್ನು, ತೊಟ್ಟಿಲಲ್ಲಿದ್ದ ಮೊಮ್ಮಗನನ್ನು ಒಂದು ಸಲ ಸುತ್ತ ನೋಡಿದರು. ಆಮೇಲೆ ಸ್ಟೋವ್ ಆರಿಸಿ, ಮೊಮ್ಮಗನನ್ನು ಎತ್ತಿಕೊಂಡು, ಮನೆ ಬಿಟ್ಟು ಹೊರಟೇ ಹೋದರು.

ಅಲ್ಲಿಂದ ಮುಂದೆ ನಮ್ಮ ಕೆಲಸ ಆಶ್ಚರ್ಯಕರವಾಗಿ ಸುಲಭವಾಯಿತು. ಮಹಡಿ ಮನೆಯ ಕೃಷ್ಣವೇಣಿ, ಮೈಸೂರಿನ ಕಡೆಯ ಹೊಸ ಮದುವಣಗಿತ್ತಿ, ಹಾವಾಡಿಗನನ್ನು ಆಗಲೇ ಕೆಂಪು ಬಣ್ಣದ ಮರಳಿನ ಬಕೆಟ್ಟಿನಲ್ಲಿ ಕೂರಿಸಿ ಗೇಟಿನ ಹೊರಗಿಟ್ಟಿದ್ದಳು. ತಾನು ಮೂವತ್ತು ಹೆಜ್ಜೆ ದೂರ, ಬೇವಿನ ಮರದ ಹಿಂದೆ.

"ಅಂಕಲ್, ಅಲ್ಲಿದೆ! ನಾನು ಮುಟ್ಟೇ ಇಲ್ಲ! ನಿಧಾನಕ್ಕೆ ತಗೊಂಡು ಹೋಗಿ!"

"ನೋಡ್ರಿ ರಾಮಣ್ಣಾರ, ಎಂಥಾ ಸಂಸ್ಕಾರ! ಗೀರು ಬೀಳಬಾರದಂತ ಮರಳಿನ್ಯಾಗ ಇಟ್ಟಾಳ. ಈ ವಸ್ತುವಿನ ಕಿಮ್ಮತ್ತು ತಿಳಿದ ಹುಡುಗಿ."

ಪಕ್ಕದ ಬ್ಲಾಕಿನ ನೀಲಾ ಟೀಚರು ಇನ್ನೂ ಒಂದು ಹೆಜ್ಜೆ ಮುಂದೆ. ಪೋಸ್ಟ್‌ಮನ್ನನನ್ನು ಹತ್ತಿಯಲ್ಲಿ ಸುತ್ತಿ, ತರಕಾರಿ ಬುಟ್ಟಿಯಲ್ಲಿಟ್ಟು, ಬಾಲ್ಕನಿಯಿಂದ ಹಗ್ಗದಲ್ಲಿ ಒಂದೊಂದೇ ಅಂಗುಲ ಇಳಿಬಿಟ್ಟರು. ಬುಟ್ಟಿ ನೆಲ ಮುಟ್ಟುವಾಗ ಅವರು ಕಿವಿ ಮುಚ್ಚಿಕೊಂಡದ್ದನ್ನು ನಾನು ನೋಡಿದೆ. ವಾಮನ ನೋಡಲಿಲ್ಲ. ಕಾಲೋನಿಯಲ್ಲಿ ತನ್ನಂಥ ರಸಿಕರು ಇಷ್ಟೊಂದು ಜನ ಇದ್ದಾರೆಂದು ಅವನಿಗೆ ಗೊತ್ತೇ ಇರಲಿಲ್ಲವಂತೆ. ಒಂದು ಸಂಘ ಕಟ್ಟಬೇಕೆಂದ.

"ವಾಮನಾ," ಎಂದೆ, "ಜನ ಯಾಕೋ ಹೆದರಿದ ಹಾಗಿದೆ."

"ಹೆದರಬೇಕ್ರಿ. ಇಂಥಾ ಸಾಮಾನು ಮನ್ಯಾಗ ಇಟ್ಟುಕೊಂಡ್ರ ಹೆದರಿಕೆ ಬೇಕ."

ಐದನೆಯದು ಮದುಮಗಳು. ಅವಳಿದ್ದದ್ದು ದೇಚಮ್ಮನವರ ಬಂಗಲೆಯಲ್ಲಿ. ದೇಚಮ್ಮನವರು ಕಾರ್ಖಾನೆಯ ಸೆಕ್ಯುರಿಟಿ ಆಫೀಸರ್ ಉತ್ತಪ್ಪನವರ ಹೆಂಡತಿ. ನಾವು ಬಂಗಲೆಯ ತಿರುವಿಗೆ ಬರುವಷ್ಟರಲ್ಲಿ ಹನ್ನೆರಡು ಜನ ಗಾರ್ಡುಗಳು, ಎರಡು ನೀರಿನ ಪೀಪಾಯಿ, ಒಂದು ಆಂಬುಲೆನ್ಸು ನಮ್ಮನ್ನು ಸ್ವಾಗತಿಸಿದವು. ಉತ್ತಪ್ಪನವರು ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಇದ್ದು ಬಂದ ಕೊಡಗಿನವರು. ಅವರ ಮೀಸೆ ಮೊದಲು ಬರುತ್ತಿತ್ತು, ಅವರು ಆಮೇಲೆ.

"ಅಲ್ಲೇ ನಿಲ್ಲಿ! ಪೆಟ್ಟಿಗೆ ಕೆಳಗಿಡಿ! ನಿಧಾನ!"

ನಿಧಾನ ಎಂದು ಕೇಳಿದೊಡನೆ ವಾಮನನ ಮುಖ ಅರಳಿತು. "ಇವರೂ ನಮ್ಮಾವರ!" ಎಂದು ನನ್ನ ಕಿವಿಯಲ್ಲಿ ಹೇಳಿದ.

ಸೆಕ್ಯುರಿಟಿ ಆಫೀಸಿನಲ್ಲಿ ಮೇಜಿನ ಒಂದು ಕಡೆ ಉತ್ತಪ್ಪನವರು, ಇನ್ನೊಂದು ಕಡೆ ವಾಮನ, ನಡುವೆ ಸಂತ್ರಿ ಪೆಟ್ಟಿಗೆ. ಪೆಟ್ಟಿಗೆಯ ಸುತ್ತ ಮರಳಿನ ಮೂಟೆ. ಸುದ್ದಿ ಮುಟ್ಟಿಸಿದ ಗೋವಿಂದ ಹಿಂದಿನ ಗೋಡೆಗೆ ಅಂಟಿಕೊಂಡಿದ್ದ. ನಾನು ಸಾಕ್ಷಿಯೋ ಆರೋಪಿಯೋ ಇನ್ನೂ ತೀರ್ಮಾನವಾಗದೆ ಬಾಗಿಲ ಬಳಿ ನಿಂತಿದ್ದೆ.

"ಏನಿದೆ ಈ ಡಬ್ಬಿಗಳಲ್ಲಿ?"

"ಹಲ್ಲುಪುಡಿರೀ ಸಾಹೇಬ್ರ."

"ಹಲ್ಲುಪುಡಿ."

"ಹೌದ್ರಿ. ಶುಭ್ರಕಾಂತಿ."

"ಸರಿ. ಒಂದು ಡಬ್ಬಿ ತೆರೆದು ತೋರಿಸಿ."

"ತೆರೆಯಾಕ ಬರಂಗಿಲ್ರಿ."

ಉತ್ತಪ್ಪನವರು ಗೋವಿಂದನ ಕಡೆ ನೋಡಿದರು. ಗೋವಿಂದ ಗೋಡೆಗೆ ಇನ್ನಷ್ಟು ಅಂಟಿಕೊಂಡ.

"ಯಾಕೆ ತೆರೆಯೋಕೆ ಬರಲ್ಲ?"

"ತೆರೆದ್ರ ಅದರ ಕತಿ ಮುಗೀತ್ರಿ."

"ನಮ್ಮ ಕಥೆಯೋ?"

"ಎಲ್ಲಾರದೂ ಅನ್ಕೋರಿ."

ಗಾರ್ಡೊಬ್ಬ ಸದ್ದಿಲ್ಲದೆ ಹೊರಗೆ ಹೋದ. ಉತ್ತಪ್ಪನವರು ಧ್ವನಿ ತಗ್ಗಿಸಿದರು. "ನೋಡಿ ವಾಮನ್, ಸ್ಟೋರ್ಸಿಂದ ತಂದಿದ್ದರೆ ಹೇಳಿಬಿಡಿ. ಬರೆದುಕೊಡಿ. ಹೆಂಗಸರಿಗೆ ಯಾಕೆ ಹಂಚಿದಿರಿ?"

"ನಾ ಹಂಚಿಲ್ರಿ! ನನಗ ಗೊತ್ತಿದ್ರ ಹಂಚಾಕ ಬಿಡ್ತಿದ್ನೇನು? ಮೂರು ತಿಂಗಳು ಒದ್ದಾಡಿ ಕೂಡಿಸೀನಿ. ಮೌದಾಕ್ಕ ಹೋಗಿ ತಂದೀನಿ!"

"ಮೌದಾದಲ್ಲಿ ಯಾರು ಕೊಟ್ಟರು?"

"ಬೆಲ್ಲದಂಗಡ್ಯಾಂವ."

ಉತ್ತಪ್ಪನವರು 'ಬೆಲ್ಲದಂಗಡಿ' ಎಂದು ಬರೆದುಕೊಂಡು ಅದರ ಕೆಳಗೆ ಎರಡು ಗೆರೆ ಎಳೆದರು. "ಎಷ್ಟಿವೆ ಒಟ್ಟು?"

"ಸೆಟ್ ಐದರದು. ಮನ್ಯಾಗ ಟ್ರಂಕಿನ್ಯಾಗ ಇನ್ನೂ ಮೂವತ್ತೆಂಟು ಅದಾವ."

ಇನ್ನಿಬ್ಬರು ಗಾರ್ಡುಗಳು ಬಾಗಿಲ ಕಡೆ ಸರಿದರು. ಆಮೇಲೆ ಉತ್ತಪ್ಪನವರು ಫೋನೆತ್ತಿ, ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಆರಡಿ ಗುಂಡಿ ತೋಡಿಸಲು ಹೇಳಿದರು. ಗೊತ್ತಿಲ್ಲದ ಮಾಲನ್ನು ಮರಳಿನಲ್ಲಿ ಹೂತು ದೂರದಿಂದ ಉಡಾಯಿಸುವುದು ಅಲ್ಲಿಯ ಪದ್ಧತಿ. ಸೋಮವಾರ ಬೆಳಿಗ್ಗೆ ಉಡಾಯಿಸುವುದು. ಅಲ್ಲಿಯವರೆಗೆ ಪೆಟ್ಟಿಗೆ ಜಪ್ತಿ.

"ಸೋಮವಾರ?" ವಾಮನ ಎದ್ದು ನಿಂತ. "ನಾಳೆ ಭಾನುವಾರ ನನಗ ಬೇಕ್ರಿ!"

"ಭಾನುವಾರ ಏನು ಮಾಡಬೇಕಂತಿದ್ದೀರಿ? ಎಲ್ಲಿ?"

"ಸೀತಾಬರ್ಡಿಯಾಗ. ಹನ್ನೊಂದಕ್ಕ. ಭಾಳ ಮಂದಿ ಕೂಡಿರ್ತಾರ."

ಉತ್ತಪ್ಪನವರ ಮೀಸೆಯ ತುದಿ ನಡುಗಿತು. ಇಪ್ಪತ್ತೆರಡು ವರ್ಷದ ಸೈನ್ಯದಲ್ಲಿ ಅವರಿಗೆ ಶತ್ರು ಇಷ್ಟು ಪ್ರಾಮಾಣಿಕವಾಗಿ ಎದುರಾಗಿರಲಿಲ್ಲ. "ಕೊನೇ ಸಲ ಹೇಳ್ತಿದ್ದೀನಿ," ಎಂದರು. "ಹಲ್ಲುಪುಡಿ ಆಗಿದ್ದರೆ ಒಂದೇ ಒಂದು ಡಬ್ಬಿ ತೆರೆಯಿರಿ. ನೀವು ಮನೆಗೆ, ನಾನು ಊಟಕ್ಕೆ."

ಇಲ್ಲಿ ಯಾವ ಬುದ್ಧಿವಂತನಾದರೂ ತೆರೆಯುತ್ತಿದ್ದ. ವಾಮನ ಪೆಟ್ಟಿಗೆಯನ್ನು ಎರಡೂ ತೋಳಿನಿಂದ ತಬ್ಬಿಕೊಂಡು ಅದರ ಮೇಲೆ ಗಲ್ಲವೂರಿದ.

"ನೌಕರಿ ತಗೊಳ್ರಿ. ಕ್ವಾರ್ಟರ್ಸ್ ತಗೊಳ್ರಿ. ಬೇಕಾದ್ರ ನನ್ನೂ ಇದರ ಜೋಡಿ ಗುಂಡ್ಯಾಗ ಇಟ್ಟು ಉಡಾಯಿಸ್ರಿ. ಸೀಲ್ ಮಾತ್ರ ಒಡಿಯಂಗಿಲ್ಲ."

ಆ ಹೊತ್ತಿಗೆ ಹೊರಗೆ ಬಳೆಗಳ ಸದ್ದಾಯಿತು. ಮುಂದೆ ಬೋಕರೆ ಕಾಕು, ಹಿಂದೆ ಚಂದ್ರಮ್ಮ, ಕೃಷ್ಣವೇಣಿ, ನೀಲಾ ಟೀಚರು, ಅವರ ಹಿಂದೆ ತಲೆ ತಗ್ಗಿಸಿದ ವಿಮಲಾ. ಎಲ್ಲರ ಕೊನೆಯಲ್ಲಿ ದೇಚಮ್ಮನವರು, ಮದುಮಗಳ ಡಬ್ಬಿಯನ್ನು ಮಗುವಿನ ಗಿಲಕಿಯ ಹಾಗೆ ಅಲ್ಲಾಡಿಸುತ್ತ. ಗಾರ್ಡುಗಳು ಮೇಜಿನ ಕೆಳಗೆ ಹೋದರು. ವಾಮನ "ಅಲುಗಾಡಿಸಬ್ಯಾಡ್ರಿ ಅಕ್ಕಾರ!" ಎಂದು ಚೀರಿದ. ಗೋವಿಂದ ಕಿಟಕಿಯಿಂದ ಹೊರಗೆ ಹಾರಿದ.

"ಏನ್ರೀ ಇದು ನಿಮ್ಮ ಗಲಾಟೆ?" ದೇಚಮ್ಮನವರು ಗಂಡನಿಗೆ ಹೇಳಿದರು. "ನಿನ್ನೆಯಿಂದ ನನ್ನ ಡ್ರೆಸಿಂಗ್ ಟೇಬಲ್ ಮೇಲಿದೆ. ನಿಮ್ಮ ಮೊಮ್ಮಗ ಇದನ್ನ ಎರಡು ಸಲ ಗೋಡೆಗೆ ಎಸೆದಿದ್ದಾನೆ. ಹಲ್ಲುಪುಡಿ ಅಂತ ಮೇಲೇ ಬರೆದಿದೆ. ಓದೋಕೆ ಬರಲ್ವಾ?"

ಉತ್ತಪ್ಪನವರು ಓದಿದರು. ಮುಚ್ಚಳಕ್ಕೆ ಮೂಗು ತಾಗಿಸಿ ಮೂಸಿದರು. ಲವಂಗದ ವಾಸನೆ. ಇಪ್ಪತ್ತೆರಡು ವರ್ಷದ ಸೇವೆ ಅವರ ಮುಖದಿಂದ ಮೆಲ್ಲಗೆ ಇಳಿದುಹೋಯಿತು.

"ಹಾಗಾದರೆ ಇದನ್ನೆಲ್ಲ ಯಾಕಯ್ಯಾ ವಾಪಸು ತಗೊಂಡೆ?"

ಎಲ್ಲರೂ ವಾಮನನ ಕಡೆ ತಿರುಗಿದರು. ಮರೆಮಾಚಲು ಇನ್ನೇನೂ ಉಳಿದಿರಲಿಲ್ಲ. ಬಾಯಿಬಿಟ್ಟ. ಸೀತಾಬರ್ಡಿ, ಭಾನುವಾರ, ಹನ್ನೊಂದು ಗಂಟೆ, ಐದು ವೇಷ, ಸೀಲು, ಮಹಡಿ, ಸಾಕ್ಷಾತ್ ಕಪ್ತಾನ್ ಬಿಜಲಿ.

ಹೆಂಗಸರ ಕಣ್ಣು ಪೆಟ್ಟಿಗೆಯ ಮೇಲೆ ಬಿತ್ತು. ಬೋಕರೆ ಕಾಕು ಮುಂದೆ ಬಂದು ಹುಲ್ಲಿನೊಳಗೆ ಕೈ ಹಾಕಿ ಬಳೆಗಾರನನ್ನು ಎತ್ತಿಕೊಂಡರು. ಚಂದ್ರಮ್ಮನವರು ಫಕೀರನನ್ನು ಎತ್ತಿಕೊಂಡರು. ಕೃಷ್ಣವೇಣಿ, ನೀಲಾ ಟೀಚರು ತಮ್ಮ ತಮ್ಮದನ್ನು. ದೇಚಮ್ಮನವರ ಕೈಯಲ್ಲಿದ್ದ ಮದುಮಗಳು ಸದ್ದಿಲ್ಲದೆ ಸೆರಗಿನೊಳಗೆ ಹೋದಳು.

"ಸಾಹೇಬ್ರ, ಅವು ನನ್ನವು! ಬರಕೊಳ್ರಿ, ಮಾಲು ನಂದು!"

ಉತ್ತಪ್ಪನವರು ಪೆನ್ನು ತೆಗೆದರು. ನಿಯಮದಂತೆ ನಡೆಯುವ ಮನುಷ್ಯ. "ಮಾಲು ಯಾರದು?"

"ಅವರದಲ್ರೀ," ಎಂದಳು ವಿಮಲಾ. ಆ ದಿನ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. "ನಾ ಅರಿಶಿನ-ಕುಂಕುಮ ಕೊಟ್ಟು ಉಡಿ ತುಂಬೀನಿ. ಅದು ಈ ಐದು ಮಂದಿ ಅಕ್ಕಂದಿರದು. ಮೂರು ವರ್ಷದ ಮ್ಯಾಲೆ ಮೊದಲ ಸರ್ತಿ ನನ್ನ ಮನಿಗೆ ಬಂದಾರ. ಕೊಟ್ಟದ್ದು ಕಸಗೊಂಡಳು ಅನ್ನಿಸಿಕೊಂಡು ನಾ ಈ ಕಾಲೋನ್ಯಾಗ ಹೆಂಗ ಇರ್ಲಿ?"

"ಶಾಬ್ಬಾಸ್ ಪೋರಿ!" ಎಂದರು ಕಾಕು.

ಉತ್ತಪ್ಪನವರು ಬರೆದುಕೊಂಡರು. ವಾಮನ ಕೈಮುಗಿದ. "ಬರೇ ಒಂದು ತಾಸಿಗೆ ಕೊಡ್ರಿ ಅಕ್ಕಾರ. ಹೋಗಿ ಬಂದು ತಿರುಗಿ ಕೊಡ್ತೀನಿ. ದೇವರಾಣೆ."

"ನಾಹೀ," ಎಂದರು ಕಾಕು. "ಸೆಟ್ ಪಾಹಿಜೇನಾ, ಬೇಕಲ್ಲ? ಸೆಟ್ ನಾಳೆ ಬರ್ತದ. ನಾವೇ ತರ್ತೀವಿ. ಬಸ್ ಎಷ್ಟಕ್ಕ?"

ಹೀಗೆ ಭಾನುವಾರ ಬೆಳಿಗ್ಗೆ ಹತ್ತರ ಬಸ್ಸಿನಲ್ಲಿ, ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು, ಕೈಯಲ್ಲೊಂದು ಹಲ್ಲುಪುಡಿ ಹಿಡಿದು ಐವರು ಮುತ್ತೈದೆಯರು ಸೀತಾಬರ್ಡಿಗೆ ಹೊರಟರು. ಹಿಂದಿನ ಸೀಟಿನಲ್ಲಿ ವಾಮನ, ವಿಮಲಾ, ನಾನು. ವಾಮನ ಸೋತವನ ಹಾಗಿರಲಿಲ್ಲ. ಅವನ ಅಂಗಿಯ ಕಿಸೆ ಉಬ್ಬಿತ್ತು. ಟ್ರಂಕಿನಿಂದ ಒಬ್ಬ ಪೋಸ್ಟ್‌ಮನ್ನನನ್ನು ಬಿಡಿಸಿಕೊಂಡು ತಂದಿದ್ದ.

ಅಂಗಡಿಯ ಮಹಡಿ ಮೆಟ್ಟಿಲ ಬುಡದಲ್ಲಿ ದಪ್ಪ ಮೀಸೆಯ ಪಹರೆಯವನು ಸ್ಟೂಲಿನ ಮೇಲೆ ಕೂತಿದ್ದ. ಐದು ವೇಷ ಎಣಿಸಿದ, ಸೀಲುಗಳನ್ನು ಬೆರಳಿನಿಂದ ಸವರಿ ನೋಡಿದ. ಕಪ್ತಾನ್ ಸಾಹೇಬರು ಪೂಜೆ ನಡೆದ ಕೋಣೆಯಲ್ಲಿದ್ದಾರೆ, ಚಪ್ಪಲಿ ಕೆಳಗೇ ಬಿಡಿ ಎಂದ. ಒಂದು ಸೆಟ್ಟಿಗೆ ಒಬ್ಬರೆಂದು ಹೇಳಲು ಬಾಯಿ ತೆರೆದ, ಬೋಕರೆ ಕಾಕು ಅವನನ್ನು ನೋಡಿದರು, ಬಾಯಿ ಮುಚ್ಚಿದ. ಐವರೂ ಮೇಲೆ ಹೋದರು. ಆರನೆಯವನಾಗಿ ವಾಮನ ಕಿಸೆಯಿಂದ ಡಬ್ಬಿ ತೆಗೆದ.

ಪಹರೆಯವನು ಅದನ್ನು ತಿರುಗಿಸಿ ನೋಡಿದ. "ಪೋಸ್ಟ್‌ಮನ್ ಅಂದರ್ ಗಯಾ," ಎಂದ. "ಔರ್ ಕೋಯಿ ವೇಷ್ ಹೈ?" ಒಳಗೆ ಹೋಗದ ಬೇರೆ ವೇಷ ಯಾವುದಾದರೂ ಇದೆಯೇ ಎಂದು ಅವನ ಪ್ರಶ್ನೆ.

ಇರಲಿಲ್ಲ.

ಮೂರು ತಿಂಗಳ ತಪಸ್ಸಿನ ಫಲವಾಗಿ ವಾಮನ ಐದು ಜೊತೆ ಚಪ್ಪಲಿಗಳ ಪಕ್ಕ ನಿಂತ. ಅವನ ಪಕ್ಕ ವಿಮಲಾ. ಅವಳ ಬಳಿಯೂ ಡಬ್ಬಿ ಇರಲಿಲ್ಲವಲ್ಲ. ಅವಳು ಚೀಲದಿಂದ ಒಂದು ಸಂತ್ರಿ ತೆಗೆದು ಸುಲಿದು, ಅರ್ಧ ಗಂಡನ ಕೈಗಿಟ್ಟಳು.

"ಸಿಟ್ಟು ಬಂದೈತೇನು?"

"ಸಿಟ್ಟಿಲ್ಲ," ಎಂದ ವಾಮನ ಮೆಟ್ಟಿಲ ಕಡೆಯೇ ನೋಡುತ್ತ. "ಸೆಟ್ ಪೂರಾ ಆತಲ್ಲ. ಈಗ ಐದೂ ಮ್ಯಾಲೆ ಒಂದ ಕಡೆ ಕೂಡ್ಯಾವ. ಅಷ್ಟ ಸಾಕು."

ಅವನು ಸುಳ್ಳು ಹೇಳುತ್ತಿದ್ದನೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಪಹರೆಯವನಿಗೂ ಗೊತ್ತಿದ್ದಿರಬೇಕು, ಅವನು ಸ್ಟೂಲನ್ನು ಮೆಟ್ಟಿಲಿಗೆ ಅಡ್ಡವಾಗಿ ಎಳೆದುಕೊಂಡ.

ಇಪ್ಪತ್ತು ನಿಮಿಷಕ್ಕೆ ಹೆಂಗಸರು ಕೆಳಗಿಳಿದರು. ಐವರ ಕೈಯೂ ಖಾಲಿ.

"ಕಪ್ತಾನ ಹೆಂಗದಾನ್ರೀ?" ವಿಮಲಾ ಕೇಳಿದಳು.

"ಚಂದ ಅದಾನ, ಆದ್ರ ಬಾಯಿ ತೆಗೀಬಾರದು," ಎಂದರು ಬೋಕರೆ ಕಾಕು. "ನಗಾಡಿದ ನೋಡು, ಹಲ್ಲೆಲ್ಲಾ ಖರ್ರಾ ತಿಂದು ಕೆಂಪಗೆ, ಕಪ್ಪಗೆ! ಶೀ!" ಖರ್ರಾ ಎಂದರೆ ಅಡಿಕೆ, ತಂಬಾಕು, ಸುಣ್ಣ ಸೇರಿಸಿ ತಿಕ್ಕಿದ್ದು, ಈ ಊರಿನ ಗಂಡಸರ ಬಾಯಿಗೆ ಅದೇ ನೈವೇದ್ಯ.

"ಪಾಪ, ಯಾರ ಮಗನೋ," ಎಂದರು ದೇಚಮ್ಮನವರು. "ಹೇಳೋರು ಕೇಳೋರು ಇಲ್ಲ ಅಂತ ಕಾಣುತ್ತೆ. ನಾವೇ ಚೆನ್ನಾಗಿ ಬೈದ್ವಿ. ಐದೂ ಡಬ್ಬಿ ಅವನ ಮಡಿಲಿಗೆ ಹಾಕಿ, ಈಗಲೇ ಉಜ್ಜು ಅಂತ ನೀರು ತರಿಸಿ ಕೂರಿಸಿ ಬಂದಿದ್ದೀವಿ."

"ಈಗಲೇ?" ವಾಮನನ ಕೈಯಿಂದ ಸಂತ್ರಿಯ ತೊಳೆ ಜಾರಿತು. "ಯಾವ ಡಬ್ಬಿ ತೆರದಾನ?"

"ನನ್ನದೇ. ಮದುಮಗಳದು."

ಎದೆಯೊಡೆದು ಕೂರುತ್ತಾನೆಂದು ನಾನು ತೋಳು ಹಿಡಿಯಲು ಹೋದೆ. ಅವನು ಕೂರಲಿಲ್ಲ. ಅವನ ಕಣ್ಣುಗಳು ಮೆಲ್ಲಗೆ ಅಗಲವಾದವು.

"ಸೀಲ್ ಒಡದಾಂವ ಯಾರು? ಕಪ್ತಾನನ?"

"ಅವನೇ. ತನ್ನ ಕೈಯಾರೆ."

"ಆ ಪುಡಿಲೆ ಹಲ್ಲು ತಿಕ್ಕಾಕ ಹತ್ಯಾನ?"

"ಹೂಂ."

"ಅಂದ್ರ," ಎಂದ ವಾಮನ, ಒಂದೊಂದೇ ಮಾತನ್ನು ತೂಗಿ, "ಕಪ್ತಾನ್ ಬಿಜಲಿ ಖುದ್ದು ಸೀಲ್ ಒಡೆದು, ಖುದ್ದು ಬೆರಳು ಅದ್ದಿದ ಮದುಮಗಳ ಡಬ್ಬಿ. ಇಡೀ ದೇಶದಾಗ ಅದು ಒಂದ ಒಂದು."

ಅವನು ಟೋಪಿಯನ್ನು ಸರಿಮಾಡಿಕೊಂಡು ಮೆಟ್ಟಿಲ ಕಡೆ ನಡೆದ. ಪಹರೆಯವನು ಸ್ಟೂಲಿನಿಂದ ಎದ್ದು ಕೈ ಅಡ್ಡ ಹಿಡಿದ. "ಕಹಾಂ?"

"ಹಮ್ ದುಲ್ಹನ್ ಕೀ ತರಫ್ ಸೇ," ಎಂದ ವಾಮನ, ಮದುಮಗಳ ಕಡೆಯವರು ನಾವು ಎಂಬ ಗತ್ತಿನಲ್ಲಿ.

ಆ ಧ್ವನಿಯಲ್ಲಿ ಏನಿತ್ತೋ, ನಾನು ಹೇಳಲಾರೆ. ಪಹರೆಯವನು ಕೈ ಇಳಿಸಿ, ಸ್ಟೂಲನ್ನು ಬದಿಗೆ ಸರಿಸಿದ. ಸ್ವಲ್ಪ ತಲೆಯನ್ನೂ ಬಾಗಿಸಿದನೆಂದು ನೆನಪು. ವಾಮನ ಹಿಂದೆ ನೋಡದೆ ಮೆಟ್ಟಿಲೇರಿದ.

ನಾವೆಲ್ಲ ಕತ್ತೆತ್ತಿ ಮಹಡಿಯ ಕಿಟಕಿ ನೋಡುತ್ತ ನಿಂತೆವು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಏನೋ ಉರುಳಿದ ಸದ್ದು, ನೀರಿನ ತಂಬಿಗೆ ಇದ್ದಿರಬೇಕು. ಅದರ ಹಿಂದೆಯೇ, ಇಡೀ ದೇಶ ಗುರುವಾರ ಸಂಜೆ ಉಸಿರು ಹಿಡಿದು ಕೇಳುವ ಆ ಗಂಭೀರ ಕಂಠ, ಬಾಯಿತುಂಬ ನೊರೆಯೊಡನೆ, ಸೀತಾಬರ್ಡಿಯ ಬೀದಿಗೆಲ್ಲ ಕೇಳುವಂತೆ, ಮೊದಲು ಬಾಯಿ ಮುಕ್ಕಳಿಸಲು ಬಿಡೆಂದು ಮೊರೆಯಿಟ್ಟಿತು:

"ಅರೇ ಭಾಯ್ ಸಾಬ್, ಛೋಡೋ! ಪೆಹಲೇ ಕುಲ್ಲಾ ತೋ ಕರ್‌ನೇ ದೋ!"

ವಿಮಲಾ ಕೈಯಲ್ಲಿದ್ದ ಕೊನೆಯ ತೊಳೆ ಬಾಯಿಗೆ ಹಾಕಿಕೊಂಡಳು.

"ಭೇಟಿ ಆತ್ರಿ," ಎಂದು ಹೇಳಿ, ಅಕ್ಕಂದಿರ ಚಪ್ಪಲಿಗಳನ್ನು ಜೋಡಿಸಲು ಬಾಗಿದಳು.